ಏಳು ಜನ ನಿಂತಿರಬೇಕು

ಜನವರಿ ೯

ಮಗಳೇ,

ಕಾಗದ ಕಂಡು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ನಿಮ್ಮಮ್ಮ ಗುಂಡುಕಲ್ಲಿನ ಹಾಗಿದ್ದಾಳೆ, ನಾನು ಆ ಕಲ್ಲಿಗೆ ಒರಗಿಕೊಂಡಿದ್ದೇನೆ. ಫೋನಿರುವಾಗ ಕಾಗದ ಯಾಕೆ ಅಂತ ಕೇಳುತ್ತೀಯ. ಅದನ್ನೇ ಹೇಳಲು ಕೂತಿದ್ದೇನೆ.

ನಿಮ್ಮ ಮೂರನೇ ದರ್ಜೆಯ ಹೆಂಗಸರ ಫುಟ್‌ಬಾಲ್ ಲೀಗಿಗೆ ಒಂದು ಪಂದ್ಯ ಸಮಿತಿ ಮಾಡಿದ್ದಾರೆ. ಯಾವ ತಂಡದಲ್ಲಿ ಎಷ್ಟು ಜನಕ್ಕೆ ಸೋಂಕು ತಗಲಿದೆ, ಯಾವ ಪಂದ್ಯ ಮುಂದೂಡಬೇಕು, ಯಾವುದನ್ನು ಆಡಿಸಬೇಕು ಅಂತ ತೀರ್ಮಾನಿಸುವುದು ಅದರ ಕೆಲಸ. ಮೂರೇ ಜನ: ಅಧ್ಯಕ್ಷರು, ಒಬ್ಬ ವಕೀಲರು, ಮೂರನೆಯವನು ನಿಮ್ಮಪ್ಪ. ಅರ್ಧ ಆಯುಷ್ಯ ಮೈದಾನದಲ್ಲಿ ಸೀಟಿ ಊದಿದವನು, ಯಾರ ಮುಲಾಜಿಗೂ ಬೀಳುವವನಲ್ಲ ಅಂತ ನನ್ನನ್ನು ಕರೆದು ಕೂರಿಸಿದ್ದಾರೆ.

ನೀನು ಕಾಲುವೆ ತಂಡದ ಕ್ಯಾಪ್ಟನ್. ನಾನು ಸಮಿತಿಯವನು. ಅಪ್ಪ ಮಗಳು ಫೋನಿನಲ್ಲಿ ಪಿಸುಗುಟ್ಟಿದರೆ ನಾಳೆ ಇಡೀ ಲೀಗು ಪಿಸುಗುಟ್ಟುತ್ತದೆ. ಅದಕ್ಕೇ ಈ ಸಲದ ಪಂದ್ಯಗಳು ಮುಗಿಯುವವರೆಗೆ ಬರೀ ಕಾಗದ. ಲಕೋಟೆಗೆ ಗೋಂದು ಹಚ್ಚುವುದಿಲ್ಲ. ಬೇಕಾದವರು ತೆಗೆದು ಓದಿಕೊಳ್ಳಲಿ, ಅಪ್ಪ ಮಗಳ ನಡುವೆ ಕಳ್ಳಮಾತಿಲ್ಲ ಅಂತ ಗೊತ್ತಾಗಲಿ.

ಮೊದಲ ಸಭೆ ಮುಗಿಯಿತು. ಸಿಮೆಂಟು ಕಾರ್ಖಾನೆಯ ತಂಡದಲ್ಲಿ ಇಬ್ಬರಿಗೆ ಸೋಂಕು. ಕಾರ್ಖಾನೆಯ ಡಾಕ್ಟರು ಅಂಗೈಯಗಲದ ಮೊಹರು ಒತ್ತಿ ಪತ್ರ ಕಳಿಸಿದ್ದರು. ಪಂದ್ಯವನ್ನು ಒಂದು ವಾರ ಮುಂದಕ್ಕೆ ಹಾಕಿದೆವು. ನಾನು ಇಷ್ಟು ಕಾಲ ಕಣ್ಣಾರೆ ಕಂಡದ್ದಕ್ಕೆ ಮಾತ್ರ ಸೀಟಿ ಊದಿದವನು. ಈಗ ಕಣ್ಣಿಗೇ ಬೀಳದ ಒಂದು ಹುಳದ ಮೇಲೆ ತೀರ್ಪು ಕೊಡಬೇಕಾಗಿದೆ. ಸಾಸಿವೆಯನ್ನು ಸಾವಿರ ಚೂರು ಮಾಡಿದರೆ ಅದರ ಒಂದು ಚೂರಿಗಿಂತಲೂ ಸಣ್ಣದಂತೆ. ಅಷ್ಟು ಸಣ್ಣದು ಜಗತ್ತಿನ ಮೈದಾನಗಳನ್ನೆಲ್ಲ ಖಾಲಿ ಮಾಡಿಸಿತಲ್ಲ, ಅದನ್ನು ನೆನೆದರೆ ನನಗೆ ಕೈಮುಗಿಯಬೇಕೋ ಬೈಯಬೇಕೋ ತಿಳಿಯುವುದಿಲ್ಲ.

ಜೋಪಾನ.
ನಿನ್ನ ಅಪ್ಪ

ಕೆಳಗೆ ಎರಡು ಬೆರಳು ಜಾಗ ಬಿಟ್ಟಿದ್ದಾರೆ, ಅದು ನನ್ನ ಪಾಲಂತೆ. ಮಗಾ, ಈ ಮನುಷ್ಯರಿಗೆ ಕುರ್ಚಿ ಸಿಕ್ಕಿದ್ದೇ ಸಿಕ್ಕಿದ್ದು, ಊಟಕ್ಕೆ ಕರೆದರೂ "ಅರ್ಜಿ ಕೊಡು" ಅನ್ನೋ ಹಾಗೆ ನೋಡ್ತಾರೆ. ನೀನು ಹೊಟ್ಟೆ ತುಂಬ ಉಣ್ಣು. ಮಾಸ್ಕು ಒಗೆದು ಹಾಕ್ಕೋ. ನಿನ್ನ ಅಮ್ಮ.


ಜನವರಿ ೨೧

ಅಪ್ಪಾ,

ನಿನ್ನ ಕಾಗದವನ್ನು ತಂದು ಕೊಟ್ಟವಳು ನಮ್ಮ ಟಪಾಲಕ್ಕ. ನೆನಪಿದೆ ತಾನೆ, ನಮ್ಮ ತಂಡದ ನಡುವಿನ ಆಟಗಾರ್ತಿ, ಬೆಳಗಿನ ಹೊತ್ತು ಅಂಚೆ ಹಂಚುವವಳು. "ಓದಿದೆ ಕಣೇ, ಚೆನ್ನಾಗಿದೆ. ನಿಮ್ಮಮ್ಮ ಬರೆದದ್ದು ಇನ್ನೂ ಚೆನ್ನಾಗಿದೆ" ಅಂತ ಹೇಳಿಯೇ ಕೈಗೆ ಕೊಟ್ಟಳು. ಗೋಂದು ಹಚ್ಚದಿದ್ದರೆ ಹೀಗೇ. ಈಗ ನಮ್ಮ ಬೇಕರಿಯಲ್ಲಿ ಜೊತೆ ಕೆಲಸದವರೆಲ್ಲ ಅಮ್ಮನನ್ನು ಗುಂಡುಕಲ್ಲು ಅಂತಲೇ ವಿಚಾರಿಸುತ್ತಾರೆ.

ಖಾಲಿ ಮೈದಾನದಲ್ಲಿ ಆಡಿದೆವು ಅಪ್ಪಾ. ನೀನು ಎಂದೂ ಕಂಡಿರಲಾರೆ. ಗ್ಯಾಲರಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಮೊದಲು ಬಿಕೋ ಅನ್ನಿಸಿತು. ಆಮೇಲೆ ಒಂದೊಂದೇ ಸದ್ದು ಕೇಳಿಸತೊಡಗಿತು. ಚೆಂಡಿಗೆ ಕಾಲು ತಾಗಿದ ಸದ್ದು ಒಬ್ಬೊಬ್ಬರದು ಒಂದೊಂದು ಥರ ಇರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಕಣ್ಣು ಮುಚ್ಚಿಕೊಂಡರೂ ಇದು ಟಪಾಲಕ್ಕನ ಒದೆತ, ಇದು ದರ್ಜಿಯ ಒದೆತ ಅಂತ ಹೇಳಬಲ್ಲೆ. ಎದುರಾಳಿಯ ಉಸಿರು ಕೇಳುತ್ತದೆ. ಚೆಂಡು ಬಲೆಗೆ ಬಿದ್ದಾಗ ಒಣಗಿಸಿದ ಬಟ್ಟೆಯನ್ನು ಯಾರೋ ಸರಕ್ಕನೆ ಎಳೆದುಕೊಂಡ ಹಾಗೆ ಸದ್ದಾಗುತ್ತದೆ. ಹತ್ತು ವರ್ಷದಿಂದ ಆಡುತ್ತಿರುವ ಆಟವನ್ನು ಮೊದಲ ಸಲ ಕೇಳಿಸಿಕೊಂಡೆ ಅನ್ನಿಸಿತು.

ಇನ್ನು ನಿಮ್ಮ ಸಮಿತಿಯ ಸುದ್ದಿ. ಗೋಂದಿಲ್ಲದ ಲಕೋಟೆಯಲ್ಲೇ ಕೇಳುತ್ತೇನೆ. ಸಿಮೆಂಟಿನವರಲ್ಲಿ ಇಬ್ಬರಿಗೆ ಸೋಂಕು, ಅವರಿಗೆ ಒಂದು ವಾರ ರಜೆ. ಗುಡ್ಡದ ತಂಡದಲ್ಲಿ ನಾಲ್ವರಿಗೆ ಸೋಂಕು, ಅವರನ್ನು ಆಡಿಸಿದಿರಿ. ಕೇಳಿದರೆ, ಅವರು ಟೆಸ್ಟ್ ಮಾಡಿಸಿದ ಪೆಟ್ಟಿಗೆ ಬೇರೆ ಕಂಪನಿಯದಂತೆ, ಪತ್ರದ ಮೇಲೆ ಮೊಹರು ಇರಲಿಲ್ಲವಂತೆ. ಜ್ವರ ಮೊಹರು ನೋಡಿಕೊಂಡು ಬರುತ್ತದೆಯೇ? ನಮ್ಮ ಕಥೆ ನಿನಗೆ ಗೊತ್ತೇ ಇದೆ. ಡಿಸೆಂಬರಿನಲ್ಲಿ ಬಸ್ಸಿನ ಡ್ರೈವರ್ ಕೆಮ್ಮಿದ ಅಂತ ದಾರಿಯಲ್ಲಿ ತಡೆದು ನಿಲ್ಲಿಸಿದರು, ನಾವು ಮೈದಾನ ಮುಟ್ಟಲಿಲ್ಲ, ಆಡದೆ ಸೋತವರು ಅಂತ ಬರೆದುಕೊಂಡರು. ಇನ್ನೊಂದು ಸಲ ಆಡದೆ ಸೋತರೆ ತಂಡದ ಹೆಸರನ್ನೇ ಲೀಗಿನಿಂದ ತೆಗೆಯುತ್ತಾರೆ. ಬೇಕರಿಯ ಹಿಂದಿನ ಬಯಲಿನಲ್ಲಿ ಕಲ್ಲು ಆರಿಸಿ, ಕಂಬ ನೆಟ್ಟು ನಾವೇ ಕಟ್ಟಿದ ತಂಡ ಅದು. ಒಮ್ಮೆ ತೆಗೆದರೆ ಮತ್ತೆ ಸೇರಿಸುವವರು ಯಾರು?

ನಾನೇನೂ ಬೇಡುತ್ತಿಲ್ಲ. ತಕ್ಕಡಿ ಒಂದೇ ಇರಲಿ ಅಂದೆ, ಅಷ್ಟೇ.

ನಿನ್ನ ಮಗಳು


ಫೆಬ್ರವರಿ ೫

ಅಪ್ಪಾ,

ಹೋದ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಇರಲಿ.

ಬೇಡುವುದಿಲ್ಲ ಅಂದಿದ್ದೆ. ಈಗ ಬೇಡುತ್ತಿದ್ದೇನೆ. ಸೋಮವಾರ ನಮ್ಮ ಗೋಲು ಕಾಯುವವಳಿಗೆ ಜ್ವರ ಬಂತು. ಮಂಗಳವಾರ ದರ್ಜಿಗೆ, ಅವಳ ತಂಗಿಗೆ. ಇವತ್ತು ಹದಿನೈದು ಜನರಲ್ಲಿ ಎಂಟು ಜನ ಹಾಸಿಗೆ ಹಿಡಿದಿದ್ದಾರೆ. ಉಳಿದದ್ದು ಏಳು. ಅದರಲ್ಲಿ ಗೋಲು ಕಾಯುವವಳು ಒಬ್ಬಳೂ ಇಲ್ಲ. ಬರುವ ಭಾನುವಾರ ಬಿಟ್ಟು ಅದರಾಚೆ ಭಾನುವಾರ ಪಂದ್ಯ, ಅದೂ ಸಿಮೆಂಟಿನವರ ಮೇಲೆ. ಏಳರಲ್ಲಿ ಒಬ್ಬಳು ಕೆಮ್ಮಿದರೂ ಆರು. ಆರು ಜನರ ತಂಡಕ್ಕೆ ಮೈದಾನವಿಲ್ಲ ಅನ್ನುವುದು ನೀನೇ ನನಗೆ ಕಲಿಸಿದ ನಿಯಮ.

ಒಂದು ವಾರ ಸಾಕು ನಮಗೆ. ಸಿಮೆಂಟಿನವರಿಗೆ ಕೊಟ್ಟ ಅದೇ ಒಂದು ವಾರ. ಅರ್ಜಿ ಸಮಿತಿಗೆ ಬಂದಿದೆ. ಅದರ ಮೇಲೆ ಮೊಹರು ಕೂಡ ಇದೆ, ಟಪಾಲಕ್ಕ ಎಲ್ಲಿಂದ ಒತ್ತಿಸಿದಳೋ ಕೇಳಬೇಡ. ಇದು ಅರ್ಜಿಯಲ್ಲ. ಇದು ಮಗಳ ಕಾಗದ.

ನಿನ್ನವಳು


ಫೆಬ್ರವರಿ ೯

ಮಗಳೇ,

ನಿನ್ನೆ ಸಭೆ ಕೂಡಿತು. ಸುತ್ತಿ ಬಳಸಿ ಹೇಳಿದರೂ ಅದೇ, ನೇರ ಹೇಳಿದರೂ ಅದೇ. ಪಂದ್ಯ ಮುಂದಕ್ಕೆ ಹೋಗುವುದಿಲ್ಲ.

ಹೇಗಾಯಿತು ಅಂತ ಹೇಳಿಬಿಡುತ್ತೇನೆ. ವಕೀಲರು "ಎಂಟು ಜನ ಮಲಗಿದ್ದಾರೆ ರೀ, ಕೊಡೋಣ" ಅಂದರು. ಅಧ್ಯಕ್ಷರು ಚಹಾ ಕುಡಿಯುತ್ತ, "ಏಳು ಜನ ಇದ್ದಾರಲ್ಲ, ನಿಯಮಕ್ಕೆ ಅಷ್ಟು ಸಾಕು" ಅಂದರು. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ಅಧ್ಯಕ್ಷರು ಮೀಸೆಯಲ್ಲೇ ನಕ್ಕು, "ಸೀಟಿ ಯಜಮಾನ್ರೇ, ಇದು ನಿಮ್ಮ ಮನೆ ವ್ಯವಹಾರ. ನೀವು ಹೂಂ ಅಂದ್ರೆ ಹೂಂ" ಅಂದರು. ಆ ನಗು ನನಗೆ ಚುಚ್ಚಿತು. ಹೂಂ ಅಂದರೆ ನಾಳೆ ಬೆಳಗಾಗುವುದರೊಳಗೆ ಸೀಟಿ ಯಜಮಾನ ಮಗಳಿಗೆ ಪಂದ್ಯ ಬರೆದುಕೊಟ್ಟ ಅಂತ ಲೀಗಿನ ತುಂಬ ಡಂಗುರ. ನಾನು ಬೇಡ ಅಂದೆ. ಆಡಲಿ ಅಂದೆ.

ನಿಯಮದಲ್ಲಿ ಏಳು ಸಾಕು. ನಿನಗೂ ಗೊತ್ತು. ಸಮಿತಿಯ ಪರವಾಗಿ ಪಂದ್ಯ ನೋಡಲು ಒಬ್ಬರಿಗೆ ಅವಕಾಶವಿದೆ, ನಾನೇ ಬರುತ್ತೇನೆ. ಮೈದಾನದಲ್ಲಿ ಮಾತಾಡಿಸಿದರೆ ಮಾತಾಡುವುದಿಲ್ಲ, ತಪ್ಪು ತಿಳಿಯಬೇಡ.

ನಿನ್ನ ಅಪ್ಪ

ಮಗಾ, ಈ ಸಲ ಜಾಗ ಬಿಟ್ಟಿರಲಿಲ್ಲ, ಅಂಚಿನಲ್ಲಿ ಬರೀತಿದ್ದೀನಿ. ನೀನು ಐದು ವರ್ಷದವಳಿದ್ದಾಗ ಪಕ್ಕದ ಮನೆ ಹುಡುಗನ ಜೊತೆ ಆಡ್ತಾ ಬಿದ್ದೆ. ಮೊಣಕಾಲು ಕಿತ್ತು ರಕ್ತ. ಆ ಹುಡುಗನ ಅಪ್ಪ ಓಡಿ ಬಂದು ನಿನ್ನನ್ನ ಎತ್ತಿಕೊಂಡ. ನಿನ್ನ ಅಪ್ಪ ಸೀಟಿ ಊದಿ, "ಫೌಲು ನಮ್ಮವಳದ್ದೇ" ಅಂದ್ರು. ಅವತ್ತು ನಾನು ನಗಾಡಿದ್ದೆ. ನಿನ್ನೆ ರಾತ್ರಿ ನಗಲಿಲ್ಲ. ತಟ್ಟೆ ಅವರೇ ಹಾಕ್ಕೊಂಡು ಉಂಡ್ರು.


ಫೆಬ್ರವರಿ ೧೨

ಅಪ್ಪನವರಿಗೆ,

ತೀರ್ಪು ಮುಟ್ಟಿತು.

ಆಟಗಾರರ ಮುಖ ನೋಡಬಾರದು, ಆಟ ನೋಡಬೇಕು ಅಂತ ನನಗೆ ಹೇಳಿಕೊಟ್ಟವರು ನೀವು. ಸಿಮೆಂಟಿನವರ ಅರ್ಜಿ ಬಂದಾಗ ನೀವು ಅರ್ಜಿ ನೋಡಿದಿರಿ. ನಮ್ಮ ಅರ್ಜಿ ಬಂದಾಗ ನನ್ನ ಮುಖ ನೋಡಿದಿರಿ. ಮುಖ ನೋಡಿ ಬೇಕು ಅನ್ನುವುದೂ ಪಕ್ಷಪಾತ. ಮುಖ ನೋಡಿ ಬೇಡ ಅನ್ನುವುದೂ ಪಕ್ಷಪಾತವೇ. ಹಾಸಿಗೆ ಹಿಡಿದ ಆ ಎಂಟು ಜನರಲ್ಲಿ ಒಬ್ಬಳಾದರೂ ನಿಮ್ಮ ಮಗಳಲ್ಲ. ಅವರೇನು ತಪ್ಪು ಮಾಡಿದ್ದರು?

ಭಾನುವಾರ ಆಡುತ್ತೇವೆ. ಗೋಲಿನಲ್ಲಿ ನಾನು ನಿಲ್ಲುತ್ತೇನೆ. ಕೈಗವಸು ನಮ್ಮ ಗೋಲು ಕಾಯುವವಳದು, ಬೆರಳ ತುದಿಯಲ್ಲಿ ಇನ್ನೊಂದು ಬೆರಳಿಗೆ ಜಾಗವಿದೆ. ಗೆಲ್ಲುವ ಮಾತು ಯಾರೂ ಆಡುತ್ತಿಲ್ಲ. ಕೊನೆಯ ಸೀಟಿಯವರೆಗೆ ಏಳು ಜನ ನಿಂತಿರಬೇಕು. ಅಷ್ಟಾದರೆ ತಂಡ ಉಳಿಯುತ್ತದೆ.

ಅಮ್ಮನಿಗೆ ನಮಸ್ಕಾರ ತಿಳಿಸಿ.
ಕ್ಯಾಪ್ಟನ್, ಕಾಲುವೆ ತಂಡ


ಫೆಬ್ರವರಿ ೧೬

ಮಗಳೇ,

ನೀನು ಮೈದಾನದಲ್ಲೇ ಇದ್ದವಳು, ನಿನಗೆ ಪಂದ್ಯದ ಕಥೆ ಹೇಳಲು ನಾನ್ಯಾರು ಅನ್ನಬಹುದು. ಆದರೆ ನೀನು ನೆಲಕ್ಕೆ ಮುಖ ಹಾಕಿ ಮಲಗಿದ್ದಾಗ ನಡೆದದ್ದನ್ನು ನೀನು ಕಂಡಿಲ್ಲ. ಆ ದೊಡ್ಡ ಗ್ಯಾಲರಿಯಲ್ಲಿ ಒಬ್ಬನೇ ಕೂತು ಕಂಡವನು ನಾನು. ಹೇಳದೆ ಇದ್ದರೆ ಎದೆ ಬಿರಿದೀತು. ನಿನಗೆ ನನ್ನ ಮೇಲಿರುವ ಸಿಟ್ಟನ್ನು ಒಂದು ಮೂಲೆಗೆ ಒರಗಿಸಿಟ್ಟು ಇದನ್ನು ಓದು. ಓದಿ ಆದಮೇಲೆ ಸಿಟ್ಟು ಅಲ್ಲೇ ಇರುತ್ತದೆ, ಎತ್ತಿಕೊಳ್ಳಬಹುದು.

ನೀನು ಹೇಳಿದ್ದು ನಿಜ. ಖಾಲಿ ಮೈದಾನದಲ್ಲಿ ಎಲ್ಲವೂ ಕೇಳುತ್ತದೆ. ನೀವು ಏಳು ಜನ ಹೊರಬಂದಾಗ ಆ ಹಸಿರಿನಲ್ಲಿ ಚದುರಿ ಬಿದ್ದ ಗುಂಡಿಗಳ ಹಾಗೆ ಕಂಡಿರಿ. ಒಬ್ಬರಿಂದ ಒಬ್ಬರಿಗೆ ಕೂಗಿದರೂ ನಿಲುಕದಷ್ಟು ದೂರ. ಆ ಕಡೆಯಿಂದ ಹನ್ನೊಂದು ಜನ. ವಿರಾಮದ ಹೊತ್ತಿಗೆ ಮೂರು ಗೋಲು ಬಿತ್ತು. ವಿರಾಮದ ಮೇಲೆ ಇನ್ನೆರಡು. ನೀನು ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ.

ಆಮೇಲೆ ಆ ಚೆಂಡು ಬಂತು. ನೀನು ಬಲಕ್ಕೆ ಹಾರಿದೆ. ಚೆಂಡು ಹೊರಗೆ ಹೋಯಿತು, ನೀನು ಕಂಬಕ್ಕೆ ಹೋದೆ. ಆ ಸದ್ದು ನಾನು ಕೂತಲ್ಲಿಗೆ ಕೇಳಿಸಿತು. ನೀನು ಏಳಲಿಲ್ಲ.

ರೆಫ್ರಿ ಆಟ ನಿಲ್ಲಿಸಿದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯಂತೆ, ಬಲು ಶಾಂತ. ನಿಮ್ಮವರು ಆರು ಜನ ನಿನ್ನ ಸುತ್ತ ಕುಕ್ಕರಗಾಲಿನಲ್ಲಿ ಕೂತರು. ಸಿಮೆಂಟಿನವರ ಕೋಚ್ ಗೆರೆಯ ಹತ್ತಿರ ಬಂದು, "ರೆಫ್ರಿ ಮೇಡಂ, ಎಣಿಸಿ ನೋಡಿ. ನಿಂತಿರೋದು ಆರೇ ಜನ. ಊದಿ ಮುಗಿಸಿ" ಅಂದ. ತಪ್ಪೇನೂ ಅಲ್ಲ. ನಿಯಮ ಅವನ ಕಡೆಗೇ ಇತ್ತು. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಆಗ ಅವರ ಕ್ಯಾಪ್ಟನ್, ನೀವೆಲ್ಲ ಏಣಿ ಅಂತ ಕರೆಯುವ ಆ ಉದ್ದನೆಯ ಹೆಣ್ಣುಮಗಳು, ನಿನ್ನನ್ನು ಒಮ್ಮೆ ನೋಡಿದಳು, ತನ್ನವರನ್ನು ಒಮ್ಮೆ ನೋಡಿದಳು, ನಿಧಾನಕ್ಕೆ ಮೈದಾನದಿಂದ ಹೊರಗೆ ನಡೆಯತೊಡಗಿದಳು.

"ಎಲ್ಲಿಗೆ ಹೊರಟೆ?" ಅಂದ ಕೋಚ್.

"ಕೂತ್ಕೋತೀನಿ ಸಾರ್. ಕಾಲು ನೋಯ್ತಿದೆ."

"ಯಾವ ಕಾಲು?"

"ಇನ್ನೂ ತೀರ್ಮಾನ ಮಾಡಿಲ್ಲ ಸಾರ್."

ಗೆರೆಯಾಚೆ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಅವಳ ಹಿಂದೆಯೇ ಇನ್ನೊಬ್ಬಳು. "ನಿನಗೇನಾಯ್ತು?" ಅಂದರೆ, "ನನಗೂ ಅವಳದ್ದೇ ಕಾಲು ಸಾರ್." ಆಮೇಲೆ ಮತ್ತೊಬ್ಬಳು, ಮತ್ತೊಬ್ಬಳು. ನಾಲ್ಕು ಜನ ಸಾಲಾಗಿ ಕೂತರು. ಕೋಚ್ ಬೆಂಚಿನ ಕಡೆ ತಿರುಗಿ ಬದಲಿ ಆಟಗಾರ್ತಿಯರಿಗೆ "ಏಳ್ರೇ" ಅಂದ. ಯಾರೂ ಏಳಲಿಲ್ಲ. ಒಬ್ಬಳಂತೂ ತಲೆ ತಗ್ಗಿಸಿ ಬೂಟಿನ ದಾರ ಬಿಚ್ಚತೊಡಗಿದಳು.

ನಾನು ಮನಸ್ಸಿನಲ್ಲೇ ಕಳೆದು ನೋಡಿದೆ. ಹನ್ನೊಂದರಲ್ಲಿ ನಾಲ್ಕು ಹೋದರೆ ಏಳು. ಆಗ ನನ್ನ ತಲೆಗೆ ಹೊಳೆಯಿತು ಮಗಳೇ. ಈಗ ಅವರೂ ಅಷ್ಟೇ ಜನ. ಅವರಲ್ಲೂ ಒಬ್ಬಳು ಕುಂಟಿದರೆ ಆರು, ಪಂದ್ಯ ಅವರ ಕೈತಪ್ಪುತ್ತದೆ. ಮೊದಲ ಸ್ಥಾನದಲ್ಲಿರುವ ತಂಡ. ಕೈಹಿಡಿದು ನಿಮ್ಮನ್ನು ಹಗ್ಗದಿಂದ ಕೆಳಗಿಳಿಸಿದವರಲ್ಲ ಅವರು. ನೀವು ನಿಂತಿದ್ದ ಅದೇ ಹಗ್ಗದ ಮೇಲೆ ತಾವೂ ಹತ್ತಿ ನಿಂತರು. ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ಗೊತ್ತಿಲ್ಲ. ಸಾವಿರಾರು ಜನ ಕೂಗುವ ಮೈದಾನಗಳಲ್ಲಿ ಓಡಾಡಿದವನು ನಾನು, ಅಂಥ ಸದ್ದನ್ನು ಎಂದೂ ಕೇಳಿರಲಿಲ್ಲ. ಅದು ಸದ್ದೇ ಇಲ್ಲದ ಸದ್ದು.

ಅಪ್ಪಣೆ ಇಲ್ಲದೆ ಮೈದಾನ ಬಿಟ್ಟರೆ ಹಳದಿ ಕಾರ್ಡ್. ರೆಫ್ರಿ ಏನು ಮಾಡುತ್ತಾಳೆ ಅಂತ ನೋಡಿದೆ. ಆ ಹುಡುಗಿ ಗೆರೆಯ ಹತ್ತಿರ ನಡೆದು ಹೋಗಿ, ಒಬ್ಬೊಬ್ಬರ ಮುಂದೆಯೂ ನಿಂತು, ನಾಲ್ವರಿಗೂ ಕಾರ್ಡ್ ತೋರಿಸಿದಳು. ಅವರು ಮದುವೆಗೆ ಕರೆದ ಹಾಗೆ ತಲೆಯಾಡಿಸಿದರು. ನಿಯಮವೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಎರಡನ್ನೂ ಒಟ್ಟಿಗೆ ಉಳಿಸಬಹುದು ಅಂತ ನನಗೆ ಈ ವಯಸ್ಸಿನಲ್ಲಿ ತೋರಿಸಿಕೊಟ್ಟವಳು ಅವಳು.

ಅಷ್ಟರಲ್ಲಿ ನೀನು ಎದ್ದೆ. ಎಡಗೈ ಊರಿ ಮಂಡಿಯ ಮೇಲೆ ನಿಂತು, ಆಮೇಲೆ ಕಾಲ ಮೇಲೆ ನಿಂತು, ಇವರು ನಾಲ್ವರು ಯಾಕೆ ಹುಲ್ಲಿನಲ್ಲಿ ಕೂತಿದ್ದಾರೆ ಅಂತ ಪಿಳಿಪಿಳಿ ನೋಡಿದೆ.

ಇನ್ನು ಉಳಿದದ್ದು ನಿನಗೆ ಗೊತ್ತು. ಅವರೂ ಕೊನೆಯವರೆಗೆ ಏಳೇ ಜನ ಆಡಿದರು. ಆದರೆ ದಾನದ ಆಟ ಆಡಲಿಲ್ಲ, ಇನ್ನೊಂದು ಗೋಲು ಹೊಡೆದೇ ಹೊಡೆದರು. ನೀನು ಅಲ್ಲಿಂದ ಮುಂದೆ ಒಂದೇ ಕೈಯಲ್ಲಿ ಚೆಂಡು ತಡೆದೆ. ಬಲಗೈಯನ್ನು ಮೈಗೆ ಒತ್ತಿಕೊಂಡು ಎಡಗೈಯಲ್ಲೇ ತಳ್ಳಿದೆಯಲ್ಲ, ಎಂಥ ಗತ್ತು ಅಂದುಕೊಂಡೆ. ಕೊನೆಗೆ ಟಪಾಲಕ್ಕನ ಮೊಣಕಾಲ ಮೂಳೆಗೆ ಬಡಿದ ಚೆಂಡು ಡೊಂಕಾಗಿ ಹೋಗಿ ಅವರ ಗೋಲಿಗೆ ಬಿತ್ತು. ಅವಳು ಅದನ್ನು ಬೇಕೆಂದೇ ಹೊಡೆದೆ ಅನ್ನುತ್ತಾಳಂತೆ, ಅನ್ನಲಿ. ಆರಕ್ಕೆ ಒಂದು. ಸೋತವರು ಕುಣಿದರು, ಗೆದ್ದವರು ನಿಂತು ನೋಡಿದರು. ನಾನು ಯಾರನ್ನೂ ಮಾತಾಡಿಸದೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಪಕ್ಕದಲ್ಲಿ ಕೂತವನು ನನ್ನನ್ನೇ ನೋಡುತ್ತಿದ್ದ. ಮಾಸ್ಕು ಒದ್ದೆಯಾಗಿತ್ತು, ಅದಕ್ಕಿರಬೇಕು.

ನಿನ್ನ ಅಪ್ಪ


ಫೆಬ್ರವರಿ ೨೪

ಅಪ್ಪಾ,

ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ಬೈಯಬೇಡ. ಎಡಗೈ ಇನ್ನೂ ಕಲಿಯುತ್ತಿದೆ. ಬೇಕರಿಯಲ್ಲಿ ಒಲೆಯ ಹತ್ತಿರದಿಂದ ತೆಗೆದು ಗಲ್ಲಾದ ಹಿಂದೆ ಕೂರಿಸಿದ್ದಾರೆ, ಈ ಕಾಗದಕ್ಕೆ ಪುರುಸೊತ್ತು ಸಿಕ್ಕಿದ್ದು ಅದರಿಂದಲೇ.

ನಿನ್ನ ಕಾಗದವನ್ನು ನಾನೊಬ್ಬಳೇ ಓದಲಿಲ್ಲ. ಜ್ವರ ಬಿಟ್ಟು ಎದ್ದ ಎಂಟು ಜನರಿಗೂ ಟಪಾಲಕ್ಕ ಗಟ್ಟಿಯಾಗಿ ಓದಿ ಹೇಳಿದಳು. ಮೊಣಕಾಲ ಮೂಳೆಯ ಸಾಲನ್ನು ಮಾತ್ರ ಹಾರಿಸಿದಳು.

ಅವತ್ತು ಪಂದ್ಯ ಮುಗಿದ ಮೇಲೆ ಏಣಿ ನಮ್ಮ ಕೋಣೆಯ ಬಾಗಿಲಿಗೆ ಬಂದಿದ್ದಳು. ದೂರದಲ್ಲೇ ನಿಂತು, ಮಾಸ್ಕು ಹಾಕಿಕೊಂಡು. "ಯಾಕೆ ಹಾಗೆ ಮಾಡಿದೆ?" ಅಂತ ಕೇಳಿದೆ. "ನಮಗೆ ಇಬ್ಬರಿಗೆ ಜ್ವರ ಬಂದಾಗ ಒಂದು ವಾರ ಕೊಟ್ರು. ಆ ವಾರವಿಡೀ ನಾನು ಮನೇಲಿ ಕಾಲು ಚಾಚಿ ಮಲಗಿದ್ದೆ. ಅದು ನೆನಪಾಗ್ತಾ ಇತ್ತು" ಅಂದಳು. ಆಮೇಲೆ ಅಷ್ಟು ಹೇಳಿದ್ದಕ್ಕೆ ತಾನೇ ನಾಚಿಕೊಂಡು, "ಅಲ್ಲದೆ ಏಳು ಜನರ ಮೇಲೆ ಹನ್ನೊಂದು ಜನ ಆಡೋದು ಬಲು ಬೇಜಾರು ಕಣೇ. ನಮ್ಮವರ ಕಾಲಿಗೆ ನಮ್ಮವರೇ ಸಿಕ್ತಾರೆ" ಅಂದಳು. ಅವಳು ಹೋದ ಮೇಲೆ ನಾವು ಏಳೂ ಜನ ಹಾಗೇ ಕೂತಿದ್ದೆವು. ಬೂಟು ಕೂಡ ಬಿಚ್ಚಲಿಲ್ಲ.

ಈಗ ಕೆಟ್ಟ ಸುದ್ದಿ. ನಿನಗೂ ಬಂದಿರಬೇಕು. ಸಿಮೆಂಟು ಕಾರ್ಖಾನೆಯವರು ದೂರು ಕೊಟ್ಟಿದ್ದಾರೆ. ನಾನು ಬಿದ್ದಾಗಲೇ ನಾವು ಆರು ಜನ ಆಗಿದ್ದೆವು, ಪಂದ್ಯ ಅಲ್ಲಿಗೇ ಮುಗಿದಿತ್ತು, ನಾವು ಆಡದೆ ಸೋತವರು ಅಂತ. ಅದನ್ನು ಸಮಿತಿ ಒಪ್ಪಿದರೆ ಇದು ಎರಡನೆಯ ಸಲ. ನಮ್ಮ ತಂಡ ಮುಗಿಯಿತು. ಅಲ್ಲಿ ನಾಲ್ಕು ಜನ ಹುಲ್ಲಿನ ಮೇಲೆ ಕೂತದ್ದೂ ನೀರುಪಾಲು.

ಅಪ್ಪಾ, ನನಗೆ ನಿನ್ನ ಮತ ಬೇಡ. ನನ್ನ ವಿರುದ್ಧದ ಮತವೂ ಬೇಡ. ಕಾಲುವೆ ತಂಡದ ಹೆಸರು ಓದಿದ ಕೂಡಲೇ ಆ ಕುರ್ಚಿಯಿಂದ ಎದ್ದು ಹೊರಗೆ ಹೋಗು. ಹೋದ ಸಭೆಯಲ್ಲೇ ಎದ್ದಿದ್ದರೆ ಚೆನ್ನಾಗಿತ್ತು. ಈಗಲಾದರೂ ಏಳು.

ನಿನ್ನ ಮಗಳು


ಮಾರ್ಚ್ ೭

ಮಗಳೇ,

ಎದ್ದೆ.

ಇವತ್ತು ಬೆಳಿಗ್ಗೆ ಅಧ್ಯಕ್ಷರು ಕಾಲುವೆ ತಂಡ ಅಂದರು, ನಾನು ಕುರ್ಚಿ ಹಿಂದಕ್ಕೆ ತಳ್ಳಿದೆ. "ಇದು ನನ್ನ ಮಗಳ ತಂಡ. ಇದರಲ್ಲಿ ನಾನು ಬಾಯಿ ಹಾಕಬಾರದು. ಹೋದ ಸಲ ಹಾಕಿದ್ದೂ ತಪ್ಪು" ಅಂದೆ. ಅಧ್ಯಕ್ಷರಿಗೆ ಆಶ್ಚರ್ಯ. "ಏನ್ ಯಜಮಾನ್ರೇ, ನೀವು ಹೇಗಿದ್ರೂ ಮಗಳ ವಿರುದ್ಧನೇ ಹೇಳೋರು, ಕೂತ್ಕೊಳ್ಳಿ" ಅಂದರು. ಅದನ್ನು ಅವರು ಹೊಗಳಿಕೆಯಾಗಿ ಹೇಳಿದ್ದು. ನನಗೆ ಕಪಾಳಕ್ಕೆ ಬಿಟ್ಟ ಹಾಗಾಯಿತು. ಹೊರಗೆ ಬಂದೆ.

ಓಣಿಯಲ್ಲಿ ಒಂದು ಬೆಂಚು. ಅದರ ಆ ತುದಿಯಲ್ಲಿ ಏಣಿ ಕೂತಿದ್ದಳು, ಅವಳಿಗೂ ವಿಚಾರಣೆ. ಈ ತುದಿಯಲ್ಲಿ ನಾನು ಕೂತೆ. ಒಳಗೆ ದನಿ ಏರಿತು, ಇಳಿಯಿತು, ಮತ್ತೆ ಏರಿತು. ಕೊನೆಗೆ ಅಧ್ಯಕ್ಷರು ಬಾಗಿಲು ಅರ್ಧ ತೆರೆದು ತಲೆ ಹಾಕಿದರು. ಅವರು ದೂರಿನ ಕಡೆ, ವಕೀಲರು ನಿಮ್ಮ ತಂಡದ ಕಡೆ, ಇಬ್ಬರಲ್ಲಿ ಒಬ್ಬರೂ ಬಗ್ಗುತ್ತಿಲ್ಲವಂತೆ. "ಬನ್ನಿ ಯಜಮಾನ್ರೇ, ನಿಮ್ಮದೊಂದು ಮಾತು ಸಾಕು" ಅಂದರು. ನಿಜ ಹೇಳುತ್ತೇನೆ, ಒಳಗೆ ಹೋಗಿದ್ದರೆ ನನ್ನ ಕೈ ಯಾವ ಕಡೆಗೆ ಏಳುತ್ತಿತ್ತೋ ಅಂತ ನನಗೇ ಭಯವಿತ್ತು. "ಬರೋದಿಲ್ಲ" ಅಂದೆ. ಒಳಗಿನಿಂದ ವಕೀಲರು ಕೂಗಿದರು, "ಹಾಗಾದ್ರೆ ಸರಿಸಮ. ಸರಿಸಮ ಆದ್ರೆ ರೆಫ್ರಿ ಬರೆದದ್ದೇ ಉಳಿಯುತ್ತೆ ರೀ."

ರೆಫ್ರಿ ಏನು ಬರೆದಿದ್ದಳು ಗೊತ್ತೇ? ಗಾಯಗೊಂಡವರಿಗಾಗಿ ಆಟ ನಿಲ್ಲಿಸಿದೆ, ಅವರು ಎದ್ದರು, ಆಟ ಮುಂದುವರಿಸಿದೆ, ಪಂದ್ಯ ಪೂರ್ತಿಯಾಗಿದೆ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಮ್ಮಿಯಿಲ್ಲ. ಆರಕ್ಕೆ ಒಂದು ಅಂತ ಸೋತಿದ್ದೀರಿ. ತಂಡ ಉಳಿದಿದೆ.

ಅಧ್ಯಕ್ಷರು ಸಿಟ್ಟನ್ನು ಏಣಿಯ ಮೇಲೆ ತೀರಿಸಿಕೊಂಡರು, ಎರಡು ಪಂದ್ಯ ಆಡುವ ಹಾಗಿಲ್ಲ. ಆಕೆ, "ಎರಡು ಭಾನುವಾರ ನಿದ್ದೆ" ಅಂತ ನಕ್ಕಳು. ಆದರೆ ಅವಳ ಮುಖ ಸಣ್ಣಗಾದದ್ದನ್ನು ನಾನು ನೋಡಿದೆ. ಇನ್ನು ಮುಂದೆ ಯಾವ ತಂಡವೇ ಇರಲಿ, ಯಾವ ಪೆಟ್ಟಿಗೆಯ ಟೆಸ್ಟೇ ಇರಲಿ, ಮೊಹರು ಇರಲಿ ಬಿಡಲಿ, ನಾಲ್ವರಿಗೆ ಸೋಂಕು ತಗಲಿದರೆ ಪಂದ್ಯ ಮುಂದಕ್ಕೆ ಅಂತ ವಕೀಲರು ಬರೆದಿಟ್ಟಿದ್ದಾರೆ. ಅದಕ್ಕೆ ಮಾತ್ರ ಒಳಗೆ ಹೋಗಿ ಕೈ ಎತ್ತಿ ಬಂದೆ. ಗುಡ್ಡದವರಿಗೆ ಮುಖ ತೋರಿಸುವುದು ಹೇಗೆ ಅಂತ ಇನ್ನೂ ಯೋಚಿಸುತ್ತಿದ್ದೇನೆ.

ಇಷ್ಟು ಬರೆದರೆ ಸಮಿತಿಯ ಸುದ್ದಿ ಮುಗಿಯಿತು. ಆದರೆ ಬೆಂಚಿನ ಮೇಲೆ ಇನ್ನೊಂದು ನಡೆಯಿತು.

ಹೊರಡುವಾಗ ಏಣಿ ಎದ್ದು ನಿಂತು ಕೇಳಿದಳು: "ಅವಳ ಭುಜ ಹೇಗಿದೆ ಸಾರ್? ಮೂಳೆ ಕೂಡ್ತಾ?"

ಆ ಕಂಬದ ಸದ್ದು ಕೇಳಿದ್ದೆ, ನೀನು ಎಡಗೈ ಊರಿದ್ದನ್ನು ನೋಡಿದ್ದೆ, ಒಂದೇ ಕೈಯಲ್ಲಿ ಚೆಂಡು ತಡೆದದ್ದಕ್ಕೆ ಗತ್ತು ಅಂತ ಹೆಸರಿಟ್ಟೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ ಅಂತ ನೀನು ಬರೆದೆ, ನಾನು ದೂರಿನ ಸಂಗತಿ ಓದಿದೆ. ಒಲೆಯಿಂದ ಗಲ್ಲಾಕ್ಕೆ ಹಾಕಿದ್ದಾರೆ ಅಂತ ಬರೆದೆ, ಅದನ್ನೂ ದಾಟಿ ಹೋದೆ. ಎದುರಾಳಿಗೆ ಗೊತ್ತಿರುವುದು ಅಪ್ಪನಿಗೆ ಗೊತ್ತಿರಲಿಲ್ಲ.

"ಗೊತ್ತಿಲ್ಲಮ್ಮ" ಅಂದೆ. ನನ್ನ ಕೊಡೆ ಬೆಂಚಿನ ಕೆಳಗೆ ಬಿದ್ದಿತ್ತು, ಎತ್ತಿ ಕೈಗೆ ಕೊಟ್ಟು ಹೋದಳು.

ಮಗಳೇ, ಭುಜ ಹೇಗಿದೆ?

ಉತ್ತರ ಬರೆಯಬೇಡ. ಆ ಎಡಗೈಗೆ ಯಾಕೆ ಇನ್ನಷ್ಟು ಕೆಲಸ. ಅಮ್ಮ ಆಗಲೇ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಾಳೆ. ನಾಳೆ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ. ಟಪಾಲಕ್ಕ ಈ ಕಾಗದ ತರುವುದಕ್ಕೆ ಮೊದಲೇ ನಾವು ಬಾಗಿಲು ತಟ್ಟಬಹುದು. ನೀನು ಏಳಬೇಡ, ಬಾಗಿಲಿಗೆ ಚಿಲಕ ಹಾಕದೆ ಇರು, ಸಾಕು. ನಾವೇ ತಳ್ಳಿಕೊಂಡು ಒಳಗೆ ಬರುತ್ತೇವೆ.

ಅಪ್ಪ